ಕೊಳ್ಳುವ ಕೈಗೂ ಒಂದು ವ್ರತ

ಮಾರುವವನ ಪ್ರಾಮಾಣಿಕತೆಯ ಬಗೆಗೆ ನಮ್ಮ ಶ್ರಾವಕಾಚಾರ ಗ್ರಂಥಗಳು ವಿಸ್ತಾರವಾಗಿ ಹೇಳಿವೆ. ತೂಕದಲ್ಲಿ ಮೋಸ, ಅಳತೆಯಲ್ಲಿ ಕಡಿತ, ಸರಕಿನಲ್ಲಿ ಬೆರಕೆ, ಕಳವಿನ ಮಾಲಿನ ಖರೀದಿ ಇವೆಲ್ಲ ಅಚೌರ್ಯಾಣುವ್ರತಕ್ಕೆ ಕಳಂಕವೆಂಬುದನ್ನು ನಾವು ಪಾಠಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಕೊಳ್ಳುವವನ ಧರ್ಮವೇನು? ಅದರಲ್ಲಿಯೂ ತನ್ನ ಜೇಬಿನ ಹಣದಿಂದಲ್ಲದೆ ಹತ್ತು ಜನರ ಹಣದಿಂದ ಕೊಳ್ಳುವವನ ಧರ್ಮವೇನು? ಈ ಪ್ರಶ್ನೆಯನ್ನು ನಾವು ಅಷ್ಟಾಗಿ ಎತ್ತುವುದಿಲ್ಲ. ಸರ್ಕಾರಿ ಕಚೇರಿಗಳು ಕಂಪ್ಯೂಟರು, ಪ್ರಿಂಟರು ಮೊದಲಾದವುಗಳನ್ನು ಕೊಳ್ಳುವ ರೀತಿಯನ್ನೂ, ಆ ಖರೀದಿಯನ್ನು ಹತೋಟಿಯಲ್ಲಿಡಲು ಬಂದಿರುವ ಆನ್‌ಲೈನ್ ಬೆಲೆಪಟ್ಟಿಗಳನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಾಚಕ ಬಂಧುಗಳೊಡನೆ ವಿಚಾರಿಸಬೇಕೆಂದಿದ್ದೇನೆ.

ಬಿ.ಕಾಂ. ಮುಗಿಸಿ ಅಂಗಡಿಯ ಗಲ್ಲೆಯ ಮುಂದೆ ಕುಳಿತ ನನಗೆ ಈ ವ್ಯಾಪಾರದಲ್ಲಿ ನಾಲ್ಕು ದಶಕಗಳು ಕಳೆದಿವೆ. ಮೊದಲು ಕಾಗದ, ರಿಜಿಸ್ಟರು, ಶಾಯಿ. ಬಳಿಕ ಟೋನರು, ಕೀಬೋರ್ಡು, ಯು.ಪಿ.ಎಸ್. ಬ್ಯಾಟರಿ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದೂ ಊರುಗಳ ಕಚೇರಿಗಳಿಗೆ ಸಾಮಾನು ಕಳುಹಿಸಿದ್ದೇನೆ. 2001ರ ಸುಮಾರಿಗೆ ‘ಭೂಮಿ’ ಯೋಜನೆಯಿಂದ ರಾಜ್ಯದ 177 ತಾಲ್ಲೂಕುಗಳಲ್ಲಿ ಪಹಣಿಯು ಕಂಪ್ಯೂಟರಿಗೆ ಬಂದಾಗ, ನಮ್ಮ ಕಡೆಯ ರೈತನು ಮೊದಲ ಬಾರಿಗೆ ಆ ಯಂತ್ರದ ಮುಂದೆ ನಿಂತನು. ಅಂದು ತಾಲ್ಲೂಕಿಗೊಂದು ಕಿಟಕಿಯಲ್ಲಿದ್ದ ಯಂತ್ರವು ಇಂದು ಪುರಸಭೆ, ಆಸ್ಪತ್ರೆ, ಶಾಲೆ, ವಸತಿನಿಲಯ, ಗ್ರಾಮ ಪಂಚಾಯತಿ ಎಲ್ಲೆಡೆಯೂ ಇದೆ. ಹಾಗೆಯೇ ಅದನ್ನು ಕೊಳ್ಳುವ ಕೈಗಳೂ ಹೆಚ್ಚಿವೆ.

ಕೊಳ್ಳುವ ಅಧಿಕಾರವು ಹೀಗೆ ಹಂಚಿಹೋಗಿರುವುದು ತಪ್ಪೆಂದು ನಾನು ಹೇಳಲಾರೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳ ಆಶಯವೇ ಸ್ಥಳೀಯ ಸಂಸ್ಥೆಗಳು ತಮ್ಮ ಕೆಲಸವನ್ನು ತಾವೇ ನಿರ್ಧರಿಸಬೇಕೆಂಬುದು. ಶಹಾಬಾದದಲ್ಲಿ ನಗರಸಭೆಯಿದೆ, ಉಳಿದ ನಾಲ್ಕು ಊರುಗಳಲ್ಲಿ ಪುರಸಭೆಗಳಿವೆ. ಚಿಂಚೋಳಿಯ ಕಚೇರಿಗೆ ಯಾವ ಪ್ರಿಂಟರು ಬೇಕೆಂಬುದು ಬೆಂಗಳೂರಿಗಿಂತ ಚಿಂಚೋಳಿಗೇ ಚೆನ್ನಾಗಿ ಗೊತ್ತು. ಆದರೆ ಐದು ಕಚೇರಿಗಳು ಒಂದರ ಸುದ್ದಿ ಒಂದಕ್ಕಿಲ್ಲದೆ ಕೊಂಡರೆ ಆಗುವುದೇನು? ಒಂದೇ ಬಗೆಯ ಯಂತ್ರಕ್ಕೆ ಐದು ಬೆಲೆ. ಐದು ಮಾದರಿಯ ಪ್ರಿಂಟರುಗಳಾದರೆ ಒಂದರ ಟೋನರು ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದು ಕಡೆ ಮಿಕ್ಕದ್ದು ಕಪಾಟಿನಲ್ಲಿ ಒಣಗುತ್ತದೆ, ಇನ್ನೊಂದು ಕಡೆ ಇಲ್ಲದೆ ಜನರು ಸಾಲಿನಲ್ಲಿ ಕಾಯುತ್ತಾರೆ. ಪ್ರಿಂಟರಿನ ಬೆಲೆಗಿಂತ ಅದರ ಆಯುಷ್ಯದುದ್ದಕ್ಕೂ ತುಂಬುವ ಟೋನರಿನ ಬೆಲೆಯೇ ಹೆಚ್ಚಾಗುವುದುಂಟೆಂಬುದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ತಿಳಿದ ಮಾತು.

ಇದನ್ನು ಸರಿಪಡಿಸಲು ಸರ್ಕಾರಗಳು ಹಲವು ದಾರಿಗಳನ್ನು ಹಿಡಿದಿವೆ. ಮೊದಲನೆಯದು ದರ ಕರಾರು. ಕೇಂದ್ರದ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯವು ಬೆಲೆಯನ್ನು ಗೊತ್ತುಮಾಡುತ್ತಿತ್ತು. ಕಚೇರಿಗಳು ಆ ಬೆಲೆಗೆ ತರಿಸಿಕೊಳ್ಳುತ್ತಿದ್ದವು. ಕಂಪ್ಯೂಟರಿನ ಬೆಲೆಯಾದರೋ ಬೇಗ ಇಳಿಯುವಂಥದು. ವರ್ಷದ ಹಿಂದೆ ಗೊತ್ತುಮಾಡಿದ ದರವು ಪೇಟೆಯ ದರಕ್ಕಿಂತ ಮೇಲೆಯೇ ಉಳಿದುಬಿಡುವ ಅಪಾಯವಿತ್ತು. ಎರಡನೆಯದು, ಒಂದು ಸರ್ಕಾರಿ ಸಂಸ್ಥೆಯ ಮೂಲಕ ಎಲ್ಲರೂ ಕೊಳ್ಳುವುದು. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆಯಿಂದ ನಮ್ಮ ರಾಜ್ಯದ ಅನೇಕ ಇಲಾಖೆಗಳು ಕಂಪ್ಯೂಟರ್ ಸಾಮಗ್ರಿಯನ್ನು ಪಡೆದಿವೆ. ಮೂರನೆಯದೇ ಆನ್‌ಲೈನ್ ಬೆಲೆಪಟ್ಟಿ. 2016ರ ಆಗಸ್ಟ್ 9ರಂದು ಕೇಂದ್ರ ಸರ್ಕಾರವು ‘ಜೆಮ್’ ಎಂಬ ಸರ್ಕಾರಿ ಇ-ಮಾರುಕಟ್ಟೆಯನ್ನು ಆರಂಭಿಸಿತು; 2017ರ ಅಕ್ಟೋಬರಿನಲ್ಲಿ ಆ ಹಳೆಯ ಮಹಾನಿರ್ದೇಶನಾಲಯವನ್ನು ಮುಚ್ಚಲಾಯಿತು. 2023-24ರಲ್ಲಿ ಜೆಮ್‌ನ ವಹಿವಾಟು 4 ಲಕ್ಷ ಕೋಟಿ ರೂಪಾಯಿಗಳನ್ನು ದಾಟಿತು. ದಕ್ಷಿಣ ಕೊರಿಯ ದೇಶವು ಇಂಥದೇ ವ್ಯವಸ್ಥೆಯನ್ನು 2002ರಲ್ಲಿಯೇ ರೂಢಿಗೆ ತಂದಿತ್ತು.

ಬೆಲೆಪಟ್ಟಿಯ ಗುಣವೆಂದರೆ ಅದು ಕೊಳ್ಳುವ ಅಧಿಕಾರವನ್ನು ಊರಿನ ಕಚೇರಿಯಿಂದ ಕಿತ್ತುಕೊಳ್ಳದೆಯೇ ಬೆಲೆಯನ್ನು ಎಲ್ಲರ ಕಣ್ಣಿಗೆ ಕಾಣಿಸುತ್ತದೆ. ಹಳೆಯ ಪೇಟೆಗಳಲ್ಲಿ ವ್ಯಾಪಾರಿಗಳು ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಪಕ್ಕದಲ್ಲಿ ನಿಂತ ರೈತನಿಗೆ ತನ್ನ ತೊಗರಿಯ ಬೆಲೆ ತಿಳಿಯುತ್ತಿರಲಿಲ್ಲ. 2014ರಿಂದ ರಾಜ್ಯದ ಎ.ಪಿ.ಎಂ.ಸಿ.ಗಳಲ್ಲಿ ಆನ್‌ಲೈನ್ ಹರಾಜು ಬಂದಾಗ ಆ ವಲ್ಲಿಯನ್ನು ಸರಿಸಿದಂತಾಯಿತು. ಕಚೇರಿಯ ಖರೀದಿಯಲ್ಲಿ ಬೆಲೆಪಟ್ಟಿ ಮಾಡುವ ಕೆಲಸವೂ ಅದೇ. ವಾಡಿಯವರು ಎಷ್ಟಕ್ಕೆ ಕೊಂಡರೆಂಬುದು ಸೇಡಂನವರಿಗೆ ತಿಳಿದರೆ, ಹೆಚ್ಚು ಕೊಟ್ಟವರು ಕಾರಣ ಹೇಳಬೇಕಾಗುತ್ತದೆ.

ಆದರೆ ಬೆಲೆ ಕಂಡಮಾತ್ರಕ್ಕೆ ಕೊಳ್ಳುವ ಕೈ ಶುದ್ಧವಾಗುವುದಿಲ್ಲ. ನಿಯಮಗಳು ಮೊತ್ತಕ್ಕೆ ತಕ್ಕಂತೆ ಬಿಗಿಯಾಗುತ್ತ ಹೋಗುತ್ತವೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ ಬಂದಾಗ, ಜೆಮ್‌ನಲ್ಲಿ 50,000 ರೂಪಾಯಿಯವರೆಗೆ ಯಾವ ಮಾರಾಟಗಾರನಿಂದಲಾದರೂ ನೇರವಾಗಿ ಕೊಳ್ಳಬಹುದಿತ್ತು. 30 ಲಕ್ಷದವರೆಗೆ ಮೂವರು ತಯಾರಕರನ್ನಾದರೂ ಹೋಲಿಸಬೇಕಿತ್ತು. ಅದಕ್ಕೂ ಮೇಲೆ ಬಿಡ್ ಅಗತ್ಯವಿತ್ತು. 2019ರಲ್ಲಿ ಈ ಮಿತಿಗಳನ್ನು 25,000 ಮತ್ತು 5 ಲಕ್ಷಕ್ಕೆ ಇಳಿಸಲಾಯಿತು. ಮಿತಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ನಮ್ಮ ರಾಜ್ಯದಲ್ಲಿಯೂ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಅಧಿನಿಯಮವು ದೊಡ್ಡ ಖರೀದಿಗೆ ಟೆಂಡರನ್ನು ಕಡ್ಡಾಯ ಮಾಡಿ, ಸಣ್ಣ ಖರೀದಿಗೆ ವಿನಾಯಿತಿ ಕೊಟ್ಟಿದೆ. ಎಲ್ಲಿ ಮಿತಿಯಿದೆಯೋ ಅಲ್ಲಿ ಮಿತಿಯ ಕೆಳಗೆ ನುಸುಳುವ ಆಸೆಯೂ ಇರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ ನನಗೆ 70,000 ರೂಪಾಯಿಗೆ ಸಮೀಪದ ಬೇಡಿಕೆ ಬಂದಿತು. ಸಾಮಾನು ಒಂದೇ ದಿನ ಹೋಗಬೇಕು, ಬಿಲ್ಲು ಮಾತ್ರ ಮೂರು ತಾರೀಖಿನಲ್ಲಿ ಮೂರಾಗಿ ಬರಬೇಕು ಎಂದರು. “ಸೇಟಜಿ, ನಿಮಗೇನ್ ನುಕ್ಸಾನ್? ರೊಕ್ಕ ಅಷ್ಟೇ ಬರ್ತದ” ಎಂದರು ಬಂದವರು. ಮಾತು ನಿಜವೇ; ನನಗೆ ನಷ್ಟವಿರಲಿಲ್ಲ. “ಹೋದ ದಿನದ್ದೇ ತಾರೀಖು ಹಾಕಿ ಒಂದೇ ಬಿಲ್ಲು ಕೊಡ್ತೀನ್ರಿ” ಎಂದೆ. ಅವರು ನಗುತ್ತ ಎದ್ದು ಹೋದರು, ಬೇಡಿಕೆಯೂ ಅವರೊಡನೆ ಹೋಯಿತು. ಆ ಮೂರು ಬಿಲ್ಲುಗಳಲ್ಲಿ ಬೆಲೆಯ ಮೋಸವಿರದೆ ಇದ್ದಿರಬಹುದು. ಆದರೂ ನಾಲ್ಕು ಜನ ನೋಡಿ ಒಪ್ಪಬೇಕಾದ ಖರೀದಿಯನ್ನು ಒಬ್ಬನೇ ಒಪ್ಪುವಂತೆ ಮಾಡುವುದು ಅವುಗಳ ಉದ್ದೇಶವಾಗಿತ್ತು. ಕೇಂದ್ರದ ನಿಯಮಗಳು ಹೀಗೆ ಬೇಡಿಕೆಯನ್ನು ತುಂಡರಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿವೆ.

ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದನ್ನು ಆಚಾರ್ಯರು ಕಳವಿನ ಸಾಲಿನಲ್ಲಿಯೇ ಎಣಿಸಿದ್ದಾರೆ. ಮೂರು ಬಿಲ್ಲುಗಳ ಜಾಣ್ಮೆಗೆ ಇದಕ್ಕಿಂತ ಸರಿಯಾದ ಹೆಸರು ನನಗೆ ತೋರುವುದಿಲ್ಲ. ‘ಹೀನಾಧಿಕ ಮಾನೋನ್ಮಾನ’ವೆಂದರೆ ಅಳತೆಯ ಮೋಸ. ತಕ್ಕಡಿ ಇಲ್ಲದ ವ್ಯಾಪಾರದಲ್ಲಿ ಅಳತೆಯೆಂದರೆ ವಸ್ತುವಿನ ವಿವರಣೆ, ಕಚೇರಿಗಳ ಮಾತಿನಲ್ಲಿ ‘ಸ್ಪೆಸಿಫಿಕೇಶನ್’. ಮೆಮೊರಿ ಇಷ್ಟು, ಪರದೆ ಇಷ್ಟು, ತೂಕ ಇಷ್ಟಕ್ಕೆ ಮೀರದಿರಲಿ ಎಂದು ಒಂದೊಂದೇ ಷರತ್ತನ್ನು ಸೇರಿಸುತ್ತ ಹೋದರೆ ಕಡೆಗೆ ಪಟ್ಟಿಯಲ್ಲಿ ಒಬ್ಬನ ಸರಕು ಮಾತ್ರ ಉಳಿಯುವಂತೆ ಮಾಡಬಹುದು. ಇನ್ನು ಮುದ್ರಿತ ಬೆಲೆಯನ್ನೇ ಏರಿಸಿಟ್ಟು, ಅದರ ಮೇಲೆ ದೊಡ್ಡ ರಿಯಾಯಿತಿ ತೋರಿಸುವ ಮಾರಾಟಗಾರರೂ ಇರುತ್ತಾರೆ. ರಿಯಾಯಿತಿಯ ಶೇಕಡಾವಾರನ್ನು ನೋಡಿ ಸಂತೋಷಪಡುವ ಅಧಿಕಾರಿಯು ಪೇಟೆಯಲ್ಲಿ ಒಮ್ಮೆ ವಿಚಾರಿಸಿದರೆ ನಿಜ ತಿಳಿಯುತ್ತದೆ.

ಇಲ್ಲಿ ನನ್ನಂಥ ಊರ ವ್ಯಾಪಾರಿಯ ಲಾಭನಷ್ಟವನ್ನೂ ಮುಚ್ಚಿಡದೆ ಹೇಳಬೇಕು. ಬೆಲೆಪಟ್ಟಿ ಬಂದ ಮೇಲೆ ನನ್ನ ಅಂಗಡಿಗೆ ಬರುತ್ತಿದ್ದ ಕಚೇರಿಗಳ ಬೇಡಿಕೆ ಕಡಿಮೆಯಾಗಿದೆ. ದೂರದ ನಗರದ ಮಾರಾಟಗಾರನು ನನ್ನ ಖರೀದಿ ಬೆಲೆಗಿಂತಲೂ ಕಡಿಮೆಗೆ ಮಾರಬಲ್ಲನು. ಸಮಾಜದ ಕೆಲವು ಬಂಧುಗಳು ಇದನ್ನು ಅನ್ಯಾಯವೆನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಪುರಸಭೆಯ ಹಣವು ಊರಿನ ತೆರಿಗೆಯ ಹಣ. ನನ್ನ ಅಂಗಡಿ ನಡೆಯಲೆಂದು ಅದರಿಂದ ಹೆಚ್ಚು ಬೆಲೆ ಪಡೆಯುವ ಹಕ್ಕು ನನಗಿಲ್ಲ. ಆದರೆ ಬೆಲೆಯ ಲೆಕ್ಕ ಪೂರ್ಣವಾಗಿರಬೇಕೆಂದು ಕೇಳುವ ಹಕ್ಕಿದೆ. ಉಳಿದ ನಾಲ್ಕು ಊರುಗಳಿಗೆ ರೈಲಿದೆ, ಚಿಂಚೋಳಿಗೆ ಇಲ್ಲ. ಅಲ್ಲಿಯ ಪ್ರಿಂಟರು ಕೆಟ್ಟಾಗ ದೂರದ ಮಾರಾಟಗಾರನು ಫೋನು ಎತ್ತದಿದ್ದರೆ, ಉಳಿಸಿದ ಸಾವಿರ ರೂಪಾಯಿಗೆ ಬದಲಾಗಿ ಹದಿನೈದು ದಿನ ಕೆಲಸ ನಿಲ್ಲುತ್ತದೆ. ಸಾಗಣೆ, ಜೋಡಣೆ, ಮೂರು ವರ್ಷ ಕಚೇರಿಗೇ ಬಂದು ದುರಸ್ತಿ ಮಾಡುವ ಹೊಣೆ ಇವೆಲ್ಲವೂ ಸೇರಿದ ಬೆಲೆಯೇ ನಿಜವಾದ ಬೆಲೆ. ಅದನ್ನು ಹೋಲಿಸಿದ ಮೇಲೂ ನಾನು ಸೋತರೆ, ಆ ಸೋಲು ನ್ಯಾಯವಾದುದು.

ಇನ್ನೊಂದು ಮುಖ್ಯ ಸಂಗತಿ ಹಣಪಾವತಿಯದು. ಸಣ್ಣ ಉದ್ಯಮಗಳಿಂದ ಕೊಂಡ ಸರಕಿಗೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮವು ಹೇಳುತ್ತದೆ. ಆದರೆ ಬಾಕಿ ಹಣಕ್ಕಾಗಿ ಕಿಯೋನಿಕ್ಸ್‌ನ ಸರಬರಾಜುದಾರರು ರಾಷ್ಟ್ರಪತಿಗಳಿಗೆ ಪತ್ರ ಬರೆದ ಸುದ್ದಿಯನ್ನು ನಾವು 2025ರ ಆರಂಭದಲ್ಲಿ ಓದಿದೆವು. ಆ ವಿವಾದದ ನ್ಯಾಯಾನ್ಯಾಯವನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಹಣ ಯಾವಾಗ ಬರುವುದೆಂದು ತಿಳಿಯದ ವ್ಯಾಪಾರಿಯು ಬಡ್ಡಿಯನ್ನು ಮೊದಲೇ ಬೆಲೆಯಲ್ಲಿ ಸೇರಿಸಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ಅನುಭವದಿಂದ ಹೇಳಬಲ್ಲೆ. ಕೊಳ್ಳುವವನು ಮಾತಿಗೆ ತಪ್ಪಿದರೆ ಬೆಲೆಪಟ್ಟಿಯ ಅಂಕಿಯೂ ಸುಳ್ಳಾಗುತ್ತದೆ.

ಹಾಗಾದರೆ ಐದು ಊರುಗಳ ಸ್ಥಳೀಯ ಸಂಸ್ಥೆಗಳು ಏನು ಮಾಡಬಹುದು? ವರ್ಷದ ಆರಂಭದಲ್ಲಿ ಪ್ರತಿಯೊಂದು ಕಚೇರಿಯೂ ಇರುವ ಯಂತ್ರಗಳನ್ನು ಎಣಿಸಿ, ಬೇಕಾದವುಗಳ ಪಟ್ಟಿಯನ್ನು ಬರೆಯಲಿ. ಐವರೂ ಸೇರಿ ಎರಡು ಬಗೆಯ ಕಂಪ್ಯೂಟರು, ಎರಡು ಬಗೆಯ ಪ್ರಿಂಟರುಗಳಿಗೆ ಸಾಮಾನ್ಯ ವಿವರಣೆಯನ್ನು ಗೊತ್ತುಮಾಡಲಿ. ಅದು ಹಲವು ತಯಾರಕರು ಪೂರೈಸಬಲ್ಲಂಥ ವಿವರಣೆಯಾಗಿರಲಿ. ಕೊಳ್ಳುವ ಅಧಿಕಾರ ಆಯಾ ಊರಿನಲ್ಲಿಯೇ ಉಳಿಯಲಿ. ಆದರೆ ಬೇಡಿಕೆ ಬರೆದವನೇ ಮಂಜೂರು ಮಾಡದಿರಲಿ, ಮಂಜೂರು ಮಾಡಿದವನೇ ಸಾಮಾನು ಎಣಿಸಿಕೊಳ್ಳದಿರಲಿ. ಯಾರು, ಯಾವಾಗ, ಎಷ್ಟಕ್ಕೆ ಕೊಂಡರೆಂಬುದು ಐದೂ ಕಡೆ ಕಾಣುವಂತಿರಲಿ. ತಿಂಗಳಿಗೊಮ್ಮೆ ಒಬ್ಬರು ಅದನ್ನು ಓದಿ, ಒಂದೇ ವಸ್ತುವಿಗೆ ಹತ್ತಿರ ಹತ್ತಿರದ ತಾರೀಖುಗಳಲ್ಲಿ ಆದ ಸಣ್ಣ ಬಿಲ್ಲುಗಳನ್ನು ಗುರುತು ಹಾಕಲಿ. ಕೆಟ್ಟ ಯಂತ್ರಗಳು ಮೂಲೆಯಲ್ಲಿ ಧೂಳು ಹಿಡಿಯದೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಹೋಗಲಿ.

ಇಷ್ಟಾದರೂ ಬೆಲೆಪಟ್ಟಿಗೆ ಗೊತ್ತಾಗದ ಸಂಗತಿಯೊಂದು ಉಳಿಯುತ್ತದೆ. ಈ ವಸ್ತು ನಿಜವಾಗಿ ಬೇಕೆ ಎಂಬುದನ್ನು ಯಾವ ಪೋರ್ಟಲೂ ಕೇಳುವುದಿಲ್ಲ. ಮಾರ್ಚ್ ತಿಂಗಳು ಬಂದಾಗ, ಉಳಿದ ಅನುದಾನ ಹಿಂದಕ್ಕೆ ಹೋದೀತೆಂಬ ಭಯದಿಂದ ಅತಿ ಕಡಿಮೆ ಬೆಲೆಗೆ, ಎಲ್ಲ ನಿಯಮಗಳನ್ನೂ ಪಾಲಿಸಿ, ಬೇಡವಾದ ಹತ್ತು ಯಂತ್ರಗಳನ್ನು ಕೊಳ್ಳುವುದು ಸಾಧ್ಯ. ಲೆಕ್ಕಪತ್ರದಲ್ಲಿ ಅದು ನಿರ್ದೋಷ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಗಣಿತವು ಬೆಲೆಯನ್ನೂ ಬಡ್ಡಿಯನ್ನೂ ಕಂಡುಹಿಡಿದು ಕೊಡುತ್ತದೆ. ಎಷ್ಟು ಸಾಕು ಎಂಬ ಅಂಕಿಯನ್ನು ಮಾತ್ರ ನಾವೇ ಬರೆದು ಕೊಡಬೇಕು. ಗೃಹಸ್ಥನಿಗೆ ಹೇಳಿರುವ ಪರಿಗ್ರಹ ಪರಿಮಾಣವೆಂದರೆ ಇದೇ ಅಲ್ಲವೆ? ಕೊಳ್ಳುವುದಕ್ಕೆ ಮೊದಲೇ ಮಿತಿಯನ್ನು ಬರೆದಿಡುವುದು.

ನಮ್ಮ ಬಸದಿಗಳ ಟ್ರಸ್ಟುಗಳೂ ಈ ವಿಚಾರಕ್ಕೆ ಹೊರತಲ್ಲ. ಬಸದಿ, ವಿದ್ಯಾರ್ಥಿನಿಲಯ, ಶಾಲೆ, ಧರ್ಮಶಾಲೆ ಎಂದು ನಾಲ್ಕು ವಿಭಾಗಗಳಿರುವ ಟ್ರಸ್ಟಿನಲ್ಲಿ ನಾಲ್ವರು ಕಾರ್ಯದರ್ಶಿಗಳು ನಾಲ್ಕು ಬೆಲೆಗೆ ಕಂಪ್ಯೂಟರು ಕೊಳ್ಳುವುದುಂಟು. ಒಮ್ಮೊಮ್ಮೆ ಮಾರುವವನು ಟ್ರಸ್ಟಿಗಳ ಬಂಧುವೇ ಆಗಿರುತ್ತಾನೆ. ಅಂಥವನು ದರ ಹೋಲಿಸುವ ಸಭೆಯಿಂದ ಹೊರಗೆ ಕುಳಿತರೆ ಅವನ ಮರ್ಯಾದೆಯೂ ಉಳಿಯುತ್ತದೆ, ದಾನದ ಹಣವೂ ಉಳಿಯುತ್ತದೆ. ಇದಕ್ಕೆ ದೊಡ್ಡ ಪೋರ್ಟಲು ಬೇಕಿಲ್ಲ. ಒಂದು ರಿಜಿಸ್ಟರಿನಲ್ಲಿ ಇರುವ ವಸ್ತು, ಬೇಕಾದ ವಸ್ತು, ಕೇಳಿದ ಮೂರು ದರ, ಕೊಂಡ ಬೆಲೆ, ಒಪ್ಪಿದವರ ಸಹಿ ಇವಿಷ್ಟನ್ನು ಬರೆದು ವಾರ್ಷಿಕ ಸಭೆಯಲ್ಲಿ ಓದಿದರೆ ಸಾಕು. ಬರುವ ವಾರ್ಷಿಕ ಸಭೆಗೆ ಮೊದಲು ಪ್ರತಿಯೊಂದು ಟ್ರಸ್ಟೂ ಅಂಥ ಒಂದು ರಿಜಿಸ್ಟರನ್ನು ತೆರೆಯಲೆಂದು ಧರ್ಮಬಂಧುಗಳಲ್ಲಿ ನನ್ನ ಸವಿನಯ ಪ್ರಾರ್ಥನೆ.