ಕೆಂಗಲ್ಲಿನ ಬದುವಿನಲ್ಲಿ ಕಂಡ ಕೇರೆ

ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದತ್ತ ಹೊರಟರೆ ನಡುವೆ ಸಿಗುವ ಊರು ಕೆಂಗಲ್. ಕೆಂಪು ಕಲ್ಲಿನ ಆಂಜನೇಯನಿಂದ ಹೆಸರಾದ ಕ್ಷೇತ್ರ. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಹನುಮಂತಯ್ಯನವರ ಹೆಸರಿನ ಮುಂದಿರುವುದೂ ಇದೇ ಕೆಂಗಲ್.

ದೇವರ ದರ್ಶನ ಮುಗಿಸಿ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಹೊರಟಿದ್ದೆ. ಮುಂದೆ ಇಬ್ಬರು ಹುಡುಗರು ದೊಣ್ಣೆ ಎತ್ತಿ ನಿಂತಿದ್ದರು. ಹುಲ್ಲಿನಲ್ಲಿ ಮಾರುದ್ದದ ಹಾವು. ಅಷ್ಟರಲ್ಲಿ ಸೊಪ್ಪು ಕುಯ್ಯುತ್ತಿದ್ದ ಅಜ್ಜ ಕೂಗಿದರು: "ಬುಡ್ರಲಾ, ಅದು ಕ್ಯಾರೆ! ಇಲಿ ಹಿಡಿಯಾಕೆ ಬಂದದೆ." ಹಾವು ಸರ್ರನೆ ಬೇಲಿ ಸೇರಿತು.

ಅಜ್ಜನ ಮಾತಿನಲ್ಲಿ ಲೆಕ್ಕಾಚಾರವಿತ್ತು. ರೇಷ್ಮೆ ಸಾಕುವ ಮನೆಗೆ ಇಲಿ ನುಗ್ಗಿದರೆ ಹುಳುವನ್ನೂ ತಿನ್ನುತ್ತದೆ, ಚಂದ್ರಿಕೆಯಲ್ಲಿನ ಗೂಡನ್ನೂ ಕೆಡಿಸುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನೇ ನಂಬಿದ ಮನೆಗಳಿಗೆ ಅದು ಸಣ್ಣ ನಷ್ಟವಲ್ಲ. ರಾಗಿ, ಭತ್ತಕ್ಕೂ ಇಲಿಯೇ ಶತ್ರು. ಕೇರೆ ಇಲಿಯ ಬಿಲದೊಳಕ್ಕೇ ಹೊಕ್ಕು ಬೇಟೆಯಾಡುತ್ತದೆ. ಕಪ್ಪೆ, ಓತಿಕ್ಯಾತ, ಹಕ್ಕಿಗಳೂ ಅದರ ಆಹಾರವೇ. ಹಾಗಾಗಿ ಗದ್ದೆಯ ಬದು, ಕೆರೆಯ ಏರಿ, ಬೇಲಿ, ಹುತ್ತ, ಕಲ್ಲುರಾಶಿ, ಹುಲ್ಲಿನ ಮೆದೆ ಎಲ್ಲವೂ ಅದರ ಬಿಡಾರ. ಮರ ಹತ್ತುತ್ತದೆ, ಈಜುತ್ತದೆ. ಹಗಲಿನಲ್ಲೇ ಓಡಾಡುವುದರಿಂದ ನಮ್ಮ ಕಣ್ಣಿಗೆ ಬೀಳುವುದೂ ಹೆಚ್ಚು, ಪೆಟ್ಟು ತಿನ್ನುವುದೂ ಹೆಚ್ಚು.

ನಮ್ಮ ಕೇರೆಯೇ ತಮಿಳರಿಗೆ ಸಾರೈಪಾಂಬು, ಮಲಯಾಳಿಗಳಿಗೆ ಚೇರ, ತೆಲುಗರಿಗೆ ಜೆರ್ರಿಪೋತು, ಹಿಂದಿಯವರಿಗೆ ಧಾಮನ್. 1758ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಈಗ ವಿಜ್ಞಾನಿಗಳು ಟ್ಯಾಸ್ ಮ್ಯೂಕೋಸಾ ಎನ್ನುತ್ತಾರೆ.

ಹೆಸರುಗಳಷ್ಟೇ ಕಟ್ಟುಕತೆಗಳೂ ಇವೆ. ಕೇರೆ ನಾಗರಹಾವಿನ ಗಂಡು ಎನ್ನುವವರುಂಟು. ಅದು ಸುಳ್ಳು; ಎರಡೂ ಬೇರೆ ಬೇರೆ ಜಾತಿ, ಎರಡರಲ್ಲೂ ಗಂಡು ಹೆಣ್ಣುಗಳಿವೆ. ಹೆಣೆದುಕೊಂಡು ಎದ್ದು ನಿಲ್ಲುವ ಜೋಡಿ ಕೇರೆಗಳು ಸರಸವಾಡುತ್ತಿವೆ ಎಂದು ಕೈ ಮುಗಿಯುತ್ತೇವೆ. ಸಾಮಾನ್ಯವಾಗಿ ಅದು ಎರಡು ಗಂಡುಗಳ ಬಲಪರೀಕ್ಷೆ. ಕೇರೆ ಹಸುವಿನ ಕೆಚ್ಚಲಿನಿಂದ ಹಾಲು ಕುಡಿಯುವುದೂ ಇಲ್ಲ.

ಗುರುತಿಸುವುದು ಹೇಗೆ? ದೊಡ್ಡ ಕಣ್ಣು, ದುಂಡು ಪಾಪೆ, ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆ, ಉದ್ದ ಬಾಲ. ಹೆಡೆಯಿಲ್ಲ, ವಿಷವಿಲ್ಲ. ಆದರೆ ಮಕ್ಕಳೇ, ಹೆಡೆ ಬಿಚ್ಚದ ನಾಗರಹಾವೂ ದೂರದಿಂದ ಕೇರೆಯಂತೆಯೇ ಕಾಣಬಹುದು. ಆದ್ದರಿಂದ ಯಾವ ಹಾವನ್ನೂ ಹಿಡಿಯಲು ಹೋಗಬೇಡಿ. ದೂರ ಸರಿದು ದಾರಿ ಬಿಡಿ. ಯಾರಿಗಾದರೂ ಹಾವು ಕಚ್ಚಿದರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇರೆಯನ್ನು ಕೊಲ್ಲುವುದು ಅಪರಾಧವೆಂಬುದನ್ನು ಹಿರಿಯರೂ ಮರೆಯಬಾರದು.

ಹೊರಡುವಾಗ ತಿರುಗಿ ನೋಡಿದೆ. ಹುಡುಗರ ಕೈಯಲ್ಲಿ ದೊಣ್ಣೆ ಇರಲಿಲ್ಲ. ಬೇಲಿಯತ್ತ ಬಗ್ಗಿ, ಹಾವು ಎಲ್ಲಿ ಹೋಯಿತೆಂದು ದೂರದಿಂದಲೇ ಇಣುಕುತ್ತಿದ್ದರು.