ಪಟ್ಟಣದ ಪಂಕ್ತಿ

ಪರಸ್ಥಳಕ್ಕೆ ಹೋದ ಮನುಷ್ಯನಿಗೆ ತಂಗುವುದಕ್ಕೆ ಎಡೆ ದೊರೆಯುವುದು ಸುಲಭ. ಮನಸ್ಸಿಗೆ ಒಗ್ಗುವ ಅನ್ನ ದೊರೆಯುವುದು ಕಷ್ಟ. ಹಿಂದೆ ಛತ್ರಗಳಿದ್ದುವು, ಮಠಗಳಿದ್ದುವು, ದೂರದ ನೆಂಟನ ಮನೆಯಾದರೂ ಇರುತ್ತಿದ್ದಿತು. ಈಗಿನ ಬೆಂಗಳೂರಿನಲ್ಲಿ ಆ ಭಾರವನ್ನೆಲ್ಲ ಹೋಟೆಲುಗಳೇ ಹೊತ್ತಿವೆ. ಅವುಗಳ ಸಂಖ್ಯೆಯೇನೋ ಅಪಾರವಾದುದು. ಆದರೆ ಊರಿಗೆ ಹಿಂದಿರುಗಿದ ಮೇಲೆಯೂ ನೆನಪಿನಲ್ಲಿ ನಿಲ್ಲತಕ್ಕವು ಕೆಲವೇ. ಅವನ್ನು ಕಂಡುಕೊಳ್ಳಲು ಹಸಿವೊಂದೇ ಸಾಲದು, ದೈವಯೋಗವೂ ಬೇಕು.

ಮಲೆನಾಡಿನ ಪಂಡಿತರೊಬ್ಬರಿಗೆ ಆ ಯೋಗ ಕೂಡಿಬಂದುದು ಸಂತೋಷದ ಕಾಲದಲ್ಲಲ್ಲ. ಪತ್ನಿಯ ಚಿಕಿತ್ಸೆಗಾಗಿ ಅವರು ಬಸವನಗುಡಿಯ ಕಡೆಯ ಆಸ್ಪತ್ರೆಯೊಂದರಲ್ಲಿ ಮೂರು ವಾರ ಕಾದಿರಬೇಕಾಯಿತು. ಅರುವತ್ತೆಂಟು ವರ್ಷಗಳವರೆಗೆ ಅವರು ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ಪ್ರಯಾಣದಲ್ಲಿ ಅವಲಕ್ಕಿ, ಬಾಳೆಯ ಹಣ್ಣುಗಳೇ ಆಧಾರ. ಪರಾನ್ನವನ್ನು ಕುರಿತು ಅವರಿಗೆ ಕಂಠಸ್ಥವಾಗಿದ್ದ ವಚನಗಳು ಅನೇಕ. ಆದರೆ ಅವುಗಳಲ್ಲಿ ಯಾವುದೂ ಮೂರು ವಾರದ ಆಸ್ಪತ್ರೆಯ ಮಾತನ್ನು ಎತ್ತಿರಲಿಲ್ಲ. ಎರಡು ದಿನ ಹಣ್ಣು ತಿಂದು ಕಳೆದರು. ಮೂರನೆಯ ದಿನ ತಲೆ ಸುತ್ತಿ ಗೋಡೆಗೊರಗಿ ಕುಳಿತುಬಿಟ್ಟರು. "ನೀವೂ ಬಿದ್ದರೆ ನನ್ನನ್ನು ನೋಡುವವರು ಯಾರು? ಹೋಗಿ ಏನಾದರೂ ತಿಂದುಕೊಂಡು ಬನ್ನಿ" ಎಂದು ಆಕೆ ಮಲಗಿದಲ್ಲಿಂದಲೇ ಗದರಿದರು.

ದಾದಿಯೊಬ್ಬಳು ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಹೆಸರು ಹೇಳಿದಳು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಸಾಲಿಗ್ರಾಮದಿಂದ ಬಂದ ಉರಾಳ ಸಹೋದರರು 1943ರಲ್ಲಿ ಸುತ್ತಣ ಪಾಠಶಾಲೆಗಳ ಹುಡುಗರನ್ನು ನೆಚ್ಚಿ ತೆರೆದ ಉಪಾಹಾರ ಗೃಹವದು. ಅದೇ ಸೀಮೆಯ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಕಾಫಿ ಕ್ಲಬ್ಬೇ ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫಿನ್ ರೂಮ್ಸ್ ಆಗಿ ಬೆಳೆದುದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆಯ ಇಡ್ಲಿ ಹುಟ್ಟಿದುದು ಅಲ್ಲಿಯೇ ಎಂಬುದು ಪ್ರತೀತಿ. ಕಡಲ ಕರೆಯ ಆ ಜನ ಸೌಟು ಹಿಡಿದು ಘಟ್ಟವನ್ನು ಹತ್ತದಿದ್ದರೆ ಬೆಂಗಳೂರಿನ ಮುಂಜಾವು ಹೇಗಿರುತ್ತಿದ್ದಿತೋ ಊಹಿಸುವುದು ಕಷ್ಟ.

ಪಂಡಿತರು ಮನಸ್ಸನ್ನು ಗಟ್ಟಿ ಮಾಡಿಕೊಂಡು ಅಲ್ಲಿಗೆ ಹೋದರು. ಅಂದು ಶುಕ್ರವಾರ. ವಾರದ ರಜೆಯಾದುದರಿಂದ ಬಾಗಿಲು ಮುಚ್ಚಿದ್ದಿತು!

ಶಾಸ್ತ್ರವೇ ತಡೆಯಿತೆಂದು ಅವರು ಹಿಂದಿರುಗುತ್ತಿದ್ದರೋ ಏನೋ. ಹೂವಿನ ಅಂಗಡಿಯವನು ಕರೆದು, ಶಂಕರಪುರದಲ್ಲಿ 'ಬ್ರಾಹ್ಮಿನ್ಸ್ ಕಾಫಿ ಬಾರ್' ಇದೆಯೆಂದು ದಾರಿ ತೋರಿಸಿದನು. ಹೆಸರಿನ ಮೊದಲನೆಯ ಪದ ಅವರಿಗೆ ಧೈರ್ಯವನ್ನು ಕೊಟ್ಟಿತು. ಕೊನೆಯ ಪದ ಅದನ್ನು ಕಸಿದುಕೊಂಡಿತು. 'ಬಾರ್' ಎಂದರೆ ಹೆಂಡ ಮಾರುವ ಜಾಗವೆಂದೇ ಅವರು ತಿಳಿದಿದ್ದರು. ಆದರೂ ಹಸಿವು ಕಾಲನ್ನು ಎಳೆಯಿತು.

1965ರಿಂದ ನಡೆದುಬಂದ ಆ ಅಂಗಡಿ ಬಹು ಚಿಕ್ಕದು. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಇಷ್ಟೇ ಅದರ ಹೆಗ್ಗಳಿಕೆ. ಸಾಂಬಾರೆಂಬ ಪದಾರ್ಥವೇ ಇಲ್ಲ. ಚಟ್ನಿಯನ್ನು ಮಾತ್ರ ಕೇಳಿದಷ್ಟು ಸಲ ಸುರಿಯುತ್ತಾರೆ. ಎಲೆಯಿಲ್ಲ, ಮಣೆಯಿಲ್ಲ, ಪಂಕ್ತಿಯಿಲ್ಲ. ಬೀದಿಯ ಅಂಚಿನಲ್ಲಿ ತಟ್ಟೆ ಹಿಡಿದು ನಿಂತಿದ್ದವರಲ್ಲಿ ಶಲ್ಯ ಹೊದ್ದವರಿದ್ದರು, ಕಚೇರಿಯವರಿದ್ದರು, ಖಾಕಿ ಅಂಗಿ ತೊಟ್ಟವರಿದ್ದರು. ಹೆಸರನ್ನು ನಂಬಿ ಬಂದ ಪಂಡಿತರು ತಟ್ಟೆಯೊಡನೆ ದಿಗ್ಭ್ರಾಂತರಾಗಿ ನಿಂತರು.

ಅವರಿಗೆ ಹತ್ತು ವರ್ಷವಿದ್ದಾಗ, ಮದುವೆಯೊಂದರಲ್ಲಿ, ಪಕ್ಕದ ಎಲೆಯಲ್ಲಿ ಕುಳಿತವನ ಒಳಪಂಗಡ ಬೇರೆಯೆಂದು ತಿಳಿದು ಅವರ ತಂದೆ ಪಂಕ್ತಿಯಿಂದ ಎದ್ದುಹೋಗಿದ್ದರು. ಉಳಿದವನು ತುತ್ತನ್ನು ಕೈಯಲ್ಲಿಯೇ ಹಿಡಿದು ಕುಳಿತಿದ್ದನು. ಆ ಮುಖವನ್ನು ಪಂಡಿತರು ಯಾರೊಡನೆಯೂ ಪ್ರಸ್ತಾಪಿಸಿದವರಲ್ಲ, ಮರೆತವರೂ ಅಲ್ಲ.

"ಅಜ್ಜಾ, ಆಸ್ಪತ್ರೆಯಲ್ಲಿ ಇರೋರಲ್ವಾ ನೀವು? ನಮ್ಮವ್ವನೂ ಅಲ್ಲೇ ಅವ್ಳೆ" ಎಂದಿತು ಪಕ್ಕದ ಧ್ವನಿ. ಆಟೋ ನಡೆಸುವ ತರುಣ. ಉತ್ತರಕ್ಕೆ ಕಾಯದೆ ಅವನು ಚಟ್ನಿಯವನನ್ನು ಕೂಗಿ, "ಮೊದ್ಲು ಅಜ್ಜಂಗೆ ಹಾಕಣ್ಣ" ಎಂದನು. ಪಂಡಿತರು ಕೈ ತೊಳೆಯಲು ಹೋದಾಗ ಅವರ ತಟ್ಟೆಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದನು. ಪಂಡಿತರು ಹಿಂದಿರುಗಿ ಆ ತಟ್ಟೆಯನ್ನು ಒಂದು ಕ್ಷಣ ನೋಡಿದರು. ಅನಂತರ ಅದನ್ನು ತೆಗೆದುಕೊಂಡು, ಅವನ ಪಕ್ಕದಲ್ಲಿಯೇ ನಿಂತು, ಎರಡು ಇಡ್ಲಿಗಳನ್ನೂ ತಿಂದು ಮುಗಿಸಿದರು. ಮೃದುವಾದ ಇಡ್ಲಿ, ನೀರಾಗಿ ಹರಿಯುವ ಖಾರದ ಚಟ್ನಿ. ಅಷ್ಟು ರುಚಿಯಾದುದನ್ನು ಅವರು ಹಿಂದೆ ತಿಂದಿರಲಿಲ್ಲವೆಂದರೆ ಮನೆಯವರಿಗೆ ಅನ್ಯಾಯವಾದೀತು. ಅಷ್ಟು ಹಸಿದು ತಿಂದಿರಲಿಲ್ಲವೆಂಬುದು ನಿಜ.

ಮರುದಿನದಿಂದ ತರುಣನೂ ಪಂಡಿತರೂ ಒಟ್ಟಿಗೆ ಹೊರಡುವುದು ವಾಡಿಕೆಯಾಯಿತು. ವಿದ್ಯಾರ್ಥಿ ಭವನದ ಕೆಂಪು ಗರಿಯ ದೋಸೆಯೂ ಒಂದು ದಿನ ಆಯಿತು. ಅಲ್ಲಿ ಎದುರಿಗೆ ಅಪರಿಚಿತರು ಬಂದು ಕುಳಿತರೂ ಪಂಡಿತರು ಕದಲಲಿಲ್ಲ. ವೈದ್ಯರು ಮೆತ್ತನೆಯ ಆಹಾರಕ್ಕೆ ಅನುಮತಿಯಿತ್ತ ದಿನ ಶಂಕರಪುರದಿಂದ ಎರಡು ಇಡ್ಲಿಗಳನ್ನು ಪೊಟ್ಟಣ ಕಟ್ಟಿಸಿ ತಂದರು. ಎಲ್ಲಿಯದು, ಯಾರು ಮಾಡಿದುದು ಎಂದು ಪತ್ನಿ ಕೇಳಬಹುದೆಂದು ದಾರಿಯುದ್ದಕ್ಕೂ ಉತ್ತರವನ್ನು ಜೋಡಿಸಿಕೊಂಡಿದ್ದರು. ಆಕೆ ಅದೇನನ್ನೂ ಕೇಳಲಿಲ್ಲ. ಒಂದೂವರೆ ಇಡ್ಲಿಯನ್ನು ನಿಧಾನವಾಗಿ ತಿಂದು, ನೀರು ಕುಡಿದು, "ಏನೂಂದ್ರೆ, ನಾಳೆ ಚಟ್ನಿ ಇನ್ನೂ ಸ್ವಲ್ಪ ಹೆಚ್ಚಿಗೆ ಹಾಕಿಸಿಕೊಂಡು ಬನ್ನಿ" ಎಂದರು.