ಮಿಕ್ಸರ್ ಭಾಂಡಿ ಮತ್ತ ಮಂಗಳ ಗ್ರಹ

ದೀಪಾವಳಿ ಪಾಡ್ಯದ ದಿನ ನಮ್ಮನ್ಯಾಗ ಆದದ್ದು ನಿಮಗೆಲ್ಲಾ ಗೊತ್ತದ, ನಿಮ್ಮಾಗ ನಾಕು ಮಂದಿ ಅಲ್ಲೇ ಇದ್ರಿ. ಆದ್ರೂ ಇನ್ನೊಮ್ಮೆ ಬರೀಲಿಕ್ಕೆ ಕೂತೀನಿ. ಯಾಕಂದ್ರ ಅವತ್ತು ನಾ ಸಿಟ್ಟಾಗಿದ್ದು ತಪ್ಪಿಲ್ಲದಾಕಿ ಮ್ಯಾಲೆ.

ನಮ್ಮ ಮಾವನವರಿಗೆ ಹಲ್ಲಿಲ್ಲ. ಅನ್ನಾ ಬ್ಯಾಳಿ ಮಿಕ್ಸರ್‌ನಾಗ ಒಂದು ಸುತ್ತು ತಿರುವಿ ಕೊಡಬೇಕು. ಸಕ್ಕರಿ ರೋಗದ ಗುಳಿಗಿ ತೊಗೊಂಡ ಅರ್ಧಾ ತಾಸಿನಾಗ ಊಟ ಆಗಲೇಬೇಕು. ಅವತ್ತು ಗುಳಿಗಿ ಕೊಟ್ಟು ಅಡಿಗಿ ಮನಿಗೆ ಬಂದ್ರ, ಭಾಂಡಿ ನಮ್ಮ ಮೈದುನನ ಸೊಸಿ ಕೈಯಾಗ. ಕೆಂಪು ಖಾರದ ಚಟ್ನಿ ತಿರುವಲಿಕ್ಕೆ ಹತ್ತಿದ್ಲು. “ಮುಗದ ಕೂಡಲೆ ತೊಳದು ಕೊಡವಾ” ಅಂತ ಹೇಳಿ, ಮಾವನವರ ಹತ್ರ ಹೋಗಿ ಕಾಯ್ಕೋತ ಕೂತೆ.

ಮದುವಿ ಆಗಿ ಆರು ತಿಂಗಳಾದ ಹುಡುಗಿ. ಮನ್ಯಾಗ ಎಲ್ಲಾರಕಿಂತ ಸಣ್ಣಾಕಿ. ಒಬ್ಬರು “ಚಹಾ ತಾ” ಅಂದ್ರು, ಇನ್ನೊಬ್ಬರು “ಎಲಿ ಹಾಕು” ಅಂದ್ರು, ಮತ್ತೊಬ್ಬರು “ಕೂಸಿನ್ನ ಎತ್ಕೋ” ಅಂದ್ರು. ಆಕಿ ಎಲ್ಲಾದಕ್ಕೂ ಹೂಂ ಅಂತ ಓಡಿದ್ಲು. ಚಟ್ನಿ ಅರ್ಧಾನ ಉಳೀತು. ಇತ್ತ ಮಾವನವರಿಗೆ ಬೆವರು ಬಂತು, ಕೈ ನಡುಗಲಿಕ್ಕೆ ಹತ್ತಿದ್ವು. ಓಡಿ ಬಂದು ಸಕ್ಕರಿ ನೀರು ಕುಡಿಸಿದೆ, ಹುಷಾರಾದ್ರು. ಆಮ್ಯಾಲೆ ಹತ್ತು ಮಂದಿ ಮುಂದ ಆ ಹುಡುಗಿಗೆ ಬೈದೆ. ಆಕಿ ಒಂದು ಮಾತೂ ಆಡಲಿಲ್ಲ.

ರಾತ್ರಿ ಮಗಾ ಫೋನ್ ಮಾಡಿದಾಗ ಎಲ್ಲಾ ಹೇಳಿದೆ. ಅಂವಾ ಕಂಪ್ಯೂಟರ್ ಕೆಲಸದಾಂವ. “ಅವ್ವಾ, ಇದು ಮಂಗಳ ಗ್ರಹದ ಮ್ಯಾಲೆ ಆಗ್ಯದ” ಅಂದಾ. ನನಗ ಚ್ಯಾಷ್ಟಿ ಮಾಡ್ತಾನ ಅಂತ ತಿಳದೆ. ಅಲ್ಲ, ಖರೇನ.

ಕಂಪ್ಯೂಟರ್‌ಗೆ ತಲಿ ಒಂದು, ಕೆಲಸ ಹತ್ತಾರು. ಯಾವ ಕೆಲಸದ ಪಾಳಿ ಯಾವಾಗ ಅಂತ ಹೇಳಾಕಿ ಆಪರೇಟಿಂಗ್ ಸಿಸ್ಟಮ್ ಅನ್ನೋ ಯಜಮಾನತಿ. ದೊಡ್ಡ ಕೆಲಸ ಬಂದ್ರ ಸಣ್ಣದನ್ನ ನಿಲ್ಲಿಸಿ ಅದನ್ನ ಮೊದಲ ಮಾಡಸ್ತಾಳ. ಇದಕ್ಕ ಶೆಡ್ಯೂಲಿಂಗ್ ಅಂತಾರ. ನಾಸಾದವರ ಪಾಥ್‌ಫೈಂಡರ್ ನೌಕಿ 1997ರ ಜುಲೈ 4ಕ್ಕ ಮಂಗಳದ ಮ್ಯಾಲೆ ಇಳೀತು. ಕೆಲವು ದಿನ ಆದಮ್ಯಾಲೆ ಅದರ ಕಂಪ್ಯೂಟರ್ ತಾನ ಬಂದ್ ಆಗಿ ತಾನ ಚಾಲೂ ಆಗಲಿಕ್ಕೆ ಹತ್ತಿತು. ಹಂಗಾದಾಗೊಮ್ಮೆ ಆ ದಿನದ ಉಳದ ಕೆಲಸ ಎಲ್ಲಾ ಮರುದಿನಕ್ಕ.

ಆಗಿದ್ದು ಏನಂದ್ರ, ಅಲ್ಲಿ ಗಾಳಿ-ಹವಾ ಲೆಕ್ಕಾ ಬರಿಯೋ ಕೆಲಸ ಸಣ್ಣದು. ನೌಕಿ ಒಳಗ ಮಾಹಿತಿ ಸಾಗಸೋದು ದೊಡ್ಡ ಕೆಲಸ. ಎರಡಕ್ಕೂ ಬೇಕಾದ ಕೀಲಿ ಒಂದ. ಕೀಲಿ ಸಣ್ಣದರ ಕೈಯಾಗಿದ್ದಾಗ, ಭೂಮಿಗೆ ಸುದ್ದಿ ಕಳಸೋ ನಡುವಿನ ಕೆಲಸ ಬಂದು ಸಣ್ಣದನ್ನ ಪಕ್ಕಕ್ಕ ಸರಸ್ತು. ಸಣ್ಣದು ಮುಗಿಯವಲ್ದು, ಕೀಲಿ ಬಿಡವಲ್ದು. ಅರ್ಧಕ್ಕ ಕಸಗೊಂಡ್ರ ಲೆಕ್ಕಾ ಕೆಡ್ತದ. ದೊಡ್ಡದು ಕಾಯ್ಕೋತ ಕೂತಿತು. ದೊಡ್ಡದು ಹೊತ್ತಿಗೆ ಸರಿಯಾಗಿ ಮುಗೀಲಿಲ್ಲ ಅಂತ ಕಾವಲಿನ ಗಡಿಯಾರ ಹೆದರಿ ಎಲ್ಲಾ ಬಂದ್ ಮಾಡಿ ಮತ್ತ ಚಾಲೂ ಮಾಡ್ತು. ಇಲ್ಲೆ ಭೂಮಿ ಮ್ಯಾಲೆ ಪರೀಕ್ಷಾ ಮಾಡೋ ಮುಂದನೂ ಒಮ್ಮೆ ಹಿಂಗ ಆಗಿತ್ತಂತ, ಆದ್ರ ಮತ್ತ ಆಗಲಿಲ್ಲ ಅಂತ ಬಿಟ್ಟಿದ್ರಂತ. ನಾವೂ ಹಂಗ ಅಲ್ಲೇನು, ಒಮ್ಮೆ ಆದದ್ದಕ್ಕ ಯಾರು ತಲಿ ಕೆಡಿಸ್ಕೋತಾರ!

ಎಂಜಿನಿಯರ್‌ಗಳು ಇಲ್ಲಿದ್ದ ಅಂಥಾದ್ದ ಇನ್ನೊಂದು ಯಂತ್ರದಾಗ ಅದನ್ನ ಮತ್ತ ಆಗೋಹಂಗ ಮಾಡಿ ಹಿಡದ್ರು. ಸಣ್ಣ ಕೆಲಸ ತಗದು ಹಾಕಲಿಲ್ಲ, ಹೊಸಾ ಕಂಪ್ಯೂಟರ್ ಕಳಸಲಿಲ್ಲ. ಆಪರೇಟಿಂಗ್ ಸಿಸ್ಟಮ್‌ನಾಗ ಮೊದಲಿಂದನ ಬಂದ್ ಇದ್ದ ಒಂದು ನಿಯಮ, ಭೂಮಿಯಿಂದನ ಚಾಲೂ ಮಾಡಿದ್ರು. ದೊಡ್ಡಾಂವ ಕಾಯೋ ಕೀಲಿ ಸಣ್ಣಾಂವನ ಕೈಯಾಗಿದ್ರ, ಕೀಲಿ ಬಿಡೂತನಾ ಸಣ್ಣಾಂವಗೂ ದೊಡ್ಡಾಂವನ ಮರ್ಯಾದಿನ. ನಡುವಿನವರು ಅಡ್ಡ ಬರಂಗಿಲ್ಲ. ಬಿಟ್ಟಮ್ಯಾಲೆ ಅಂವಾ ಮತ್ತ ಸಣ್ಣಾಂವ. ಅಷ್ಟ ಮಾಡಿದ್ದಕ್ಕ ಆ ಕಾಟ ನಿಂತಿತು. ಈ ಉಪಾಯ 1990ರಾಗನ ಮೂರು ಮಂದಿ ವಿದ್ವಾಂಸರು ಬರದಿಟ್ಟಿದ್ರು, ಅವರಾಗ ಒಬ್ಬರ ಹೆಸರು ರಾಜ್‌ಕುಮಾರ್. ನಮ್ಮ ಅಣ್ಣಾವ್ರಲ್ಲ ಮತ್ತ!

ಫೋನ್ ಇಟ್ಟಮ್ಯಾಲೆ ನನಗ ನಿದ್ದಿ ಬರಲಿಲ್ಲ. ಹುಡುಗಿ ಸಾವಕಾಶ ಮಾಡಿದ್ದಲ್ಲ. ನಾವ ಆಕಿಗೆ ಮಾಡಗೊಡಲಿಲ್ಲ. “ಚಹಾ ತಾ” ಅಂದವರಿಗೆ ಆಕಿ “ತಡೀರಿ” ಅನ್ನೋಹಂಗಿದ್ದಿಲ್ಲ, ಯಾಕಂದ್ರ ಆ ಅಧಿಕಾರ ನಾ ಆಕಿಗೆ ಕೊಟ್ಟಿದ್ದಿಲ್ಲ. ಬರೇ ಭಾಂಡಿ ಕೇಳಿ ಹೋಗಿದ್ದೆ.

ಮರುದಿನ ಮುಂಜಾನೆ ಆಕಿ ಹತ್ರ ಹೋಗಿ “ತಪ್ಪು ನಂದವಾ” ಅಂದೆ. ಆಮ್ಯಾಲೆ ಎಲ್ಲಾರ ಮುಂದನೂ ಅಂದೆ, ಬೈದದ್ದು ಎಲ್ಲಾರ ಮುಂದ ಅಲ್ಲ? ಅವತ್ತಿಂದ ನಮ್ಮನ್ಯಾಗ ಒಂದು ರೂಢಿ ಹಾಕೀನಿ. ಅಜ್ಜಾರ ಊಟಕ್ಕ ಬೇಕಾದ್ದು ಯಾರ ಕೈಯಾಗ ಅದನೋ, ಅದನ್ನ ಕೊಡೂತನಾ ಆಕಿಗೆ ಯಾರೂ ಬ್ಯಾರೆ ಕೆಲಸ ಹೇಳಂಗಿಲ್ಲ.

ಸಂಕ್ರಾಂತಿಗೂ ಅದ ಮಂದಿ, ಅದ ಮಿಕ್ಸರ್, ಅದ ಗದ್ದಲ. ಮಾವನವರ ಊಟ ಹೊತ್ತಿಗೆ ಸರಿಯಾಗಿ ಆತು. ನಡುವ ಒಬ್ಬರು ಚಹಾ ಕೇಳಿದ್ರ, ಹುಡುಗಿ ತಲಿ ಎತ್ತದ “ತಡೀರಿ, ಮೊದಲ ಅಜ್ಜಾರದು” ಅಂದ್ಲು.

ಚಹಾ ಕೇಳಿದಾಕಿ ನಾನ ಆಗಿದ್ದೆ. ಸುಮ್ಮನ ಹೋಗಿ ಕೂತೆ.